ಗೋಮುಖಿಯ ಗಂಟಲು

ಪ್ರಾಣಿಯ ಆಕಾರದ ಪುಟ್ಟ ಬಟ್ಟೆ ಚೀಲವನ್ನು ಕೈಯಲ್ಲಿ ಹೊಲಿಯುವ ಕೆಲಸಕ್ಕೆ ದಕ್ಷಿಣ ಬೆಂಗಳೂರಿನಲ್ಲಿ ಈಗ ಒಳ್ಳೆಯ ಹೆಸರಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ವಾರಾಂತ್ಯದ ಕಾರ್ಯಾಗಾರಗಳು, ಬೇಸಿಗೆ ಶಿಬಿರಗಳು, ಬಟ್ಟೆಯನ್ನು ಮೊದಲೇ ಕತ್ತರಿಸಿ ಸೂಜಿ ದಾರದ ಜೊತೆ ಡಬ್ಬಿಯಲ್ಲಿ ತುಂಬಿಕೊಡುವ ಕಿಟ್‌ಗಳು ಇದನ್ನೇ ಹೊಲಿಗೆಯ ಮೊದಲ ಪಾಠವಾಗಿಸಿಕೊಂಡಿವೆ. ಬೆಕ್ಕಿನ ಮುಖ, ಗೂಬೆಯ ಮುಖ, ನರಿಯ ಮುಖ. ಫೆಲ್ಟ್ ಬಟ್ಟೆಯ ಎರಡು ತುಂಡು, ಸುತ್ತಲೂ ಬ್ಲ್ಯಾಂಕೆಟ್ ಸ್ಟಿಚ್, ಮೇಲೊಂದು ಜಿಪ್ಪು, ಎರಡು ಗುಂಡಿ ಕಣ್ಣು. ಮೆಚ್ಚುವವರ ಮಾತೂ ಹೆಚ್ಚುಕಮ್ಮಿ ಒಂದೇ: ಮಕ್ಕಳಿಗೆ ತಾಳ್ಮೆ ಬರುತ್ತದೆ, ಮೊಬೈಲಿನ ಗೀಳು ತಪ್ಪುತ್ತದೆ, ಕೈಕೆಲಸ ಉಳಿಯುತ್ತದೆ. ಮೊದಲಿನ ಎರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದನ್ನು ಪರೀಕ್ಷಿಸದೆ ಒಪ್ಪಲಾಗದು. ಇದೇ ಬಡಾವಣೆಗಳ ಪೂಜಾ ಸಾಮಗ್ರಿಯ ಅಂಗಡಿಗಳಲ್ಲಿ, ಜಯನಗರ ಐದನೇ ಬ್ಲಾಕಿನ ರಾಯರ ಮಠದಂಥ ಕಡೆ ಜಪಕ್ಕೆ ಕೂತವರ ಬಲಗೈಯಲ್ಲಿ, ಪ್ರಾಣಿಯ ಆಕಾರದ ಇನ್ನೊಂದು ಬಟ್ಟೆ ಚೀಲ ತಲೆಮಾರುಗಳಿಂದ ಇದೆ: ಜಪಮಾಲೆ ಹಿಡಿದ ಕೈಯನ್ನು ಮರೆಮಾಡುವ, ಹಸುವಿನ ಮುಖದ ಆಕಾರದ ಗೋಮುಖಿ. ಅದನ್ನು ಹೊಲಿಗೆಯಾಗಿ, ರೂಪವಾಗಿ ನೋಡಿ ತೂಗುವ ಕೆಲಸವನ್ನು ನಮ್ಮ ಕಲಾವಿಮರ್ಶೆ ಗಂಭೀರವಾಗಿ ಕೈಗೆತ್ತಿಕೊಂಡಿಲ್ಲ. ಕೈಹೊಲಿಗೆಯ ಪ್ರಾಣಿಚೀಲಗಳಲ್ಲಿ ನಮ್ಮ ನಡುವಿನ ಅತ್ಯುತ್ತಮ ರಚನೆ ಗೋಮುಖಿಯೇ, ಈಗ ಹೊಗಳಿಸಿಕೊಳ್ಳುತ್ತಿರುವ ಬೆಕ್ಕು ಗೂಬೆಗಳಿಗೆ ಸಿಕ್ಕಿರುವ ಹೆಸರು ಅವುಗಳ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ವಾದ.

ಜಪದ ನಿಯಮಗಳು ಬಲ್ಲವರಿಗೆ ಗೊತ್ತಿರುವಂಥವೇ. ಮಾಲೆಯಲ್ಲಿ 108 ಮಣಿ, ಮೇಲೊಂದು ಮೇರು. ಮೇರುವನ್ನು ದಾಟುವಂತಿಲ್ಲ, ಅಲ್ಲಿಂದ ಹಿಂದಿರುಗಬೇಕು. ತೋರುಬೆರಳು ಮಣಿಗೆ ತಾಕಬಾರದು. ಮಾಲೆ ಬೇರೆಯವರ ಕಣ್ಣಿಗೆ ಬೀಳಬಾರದು. ಈ ನಿಯಮಗಳ ಧಾರ್ಮಿಕ ಅರ್ಥ ಈ ಬರಹದ ವಿಷಯವಲ್ಲ. ಹೊಲಿಯುವವರ ಮುಂದೆ ಅವು ಇಡುವ ಸಮಸ್ಯೆ ಮುಖ್ಯ: ಒಂದು ಕೈ ಇಡಿಯಾಗಿ ಒಳಗೆ ಹೋಗಬೇಕು, ಒಳಗಿದ್ದೇ ಸಲೀಸಾಗಿ ಆಡಬೇಕು, ಮಾಲೆಯ ಭಾರ ಕೆಳಗೆ ನಿಲ್ಲಬೇಕು, ತೋರುಬೆರಳಿಗೆ ಬೇರೆಯದೇ ದಾರಿ ಬೇಕು, ಹೊರಗಿನಿಂದ ಏನೂ ಕಾಣಬಾರದು. ನೇರವಾದ ಉದ್ದ ಚೀಲದಲ್ಲಿ ಇದು ಕೂಡಿಬರುವುದಿಲ್ಲ, ಏಕೆಂದರೆ ಮಣಿ ಎಣಿಸುವ ಕೈ ಮಣಿಕಟ್ಟಿನಲ್ಲಿ ಬಾಗಿರುತ್ತದೆ. ಆದ್ದರಿಂದ ಚೀಲವೂ ಬಾಗಬೇಕಾಯಿತು. ಕೈ ಒಳಹೋಗುವ ಅಗಲವಾದ ಬಾಯಿ ಮೇಲೆ, ಅಲ್ಲಿಂದ ಒಂದು ತಿರುವು, ಮುಂದಕ್ಕೆ ಚಾಚಿದ ದುಂಡನೆಯ ಮೂತಿ. ಕೆಲವದರಲ್ಲಿ ತೋರುಬೆರಳು ಹೊರಬರಲು ಒಂದು ಕಿಂಡಿ. ಪಕ್ಕದಿಂದ ನೋಡಿದರೆ ಹಸು ತಲೆ ತಗ್ಗಿಸಿ ನಿಂತ ಗೆರೆ. ಕಣ್ಣಿಲ್ಲ, ಕಿವಿಯಿಲ್ಲ, ಕೊಂಬಿಲ್ಲ. ಹೊರಗೆರೆಯೊಂದರಲ್ಲೇ ಪ್ರಾಣಿ ಬಂದು ನಿಂತಿದೆ, ಆ ಹೊರಗೆರೆಯ ಒಂದೊಂದು ಭಾಗಕ್ಕೂ ಒಳಗೆ ಕೆಲಸವಿದೆ.

ಈ ಮಾತಿಗೆ ಪುರಾವೆ ಬೇಕಾದರೆ ಮೂತಿಯ ದುಂಡಗಿನಿಂದ ಶುರುಮಾಡಬಹುದು. ಎಂಟು ಮಿಲಿಮೀಟರಿನ ತುಳಸಿ ಮಣಿ 108 ಪೋಣಿಸಿದರೆ ಮಾಲೆಯ ಸುತ್ತಳತೆ 86 ಸೆಂಟಿಮೀಟರು ದಾಟುತ್ತದೆ; ಎರಡಾಗಿ ಇಳಿಬಿಟ್ಟರೆ 43 ಸೆಂಟಿಮೀಟರು. ಕೈಗೆ ಹೊಂದುವ ಚೀಲಕ್ಕೆ ಅಷ್ಟು ಆಳ ಇರಲಾರದು. ಆದ್ದರಿಂದ ಮಾಲೆ ಒಳಗೆ ತೂಗುವುದಿಲ್ಲ, ತಳದಲ್ಲಿ ಗುಡ್ಡೆಯಾಗಿ ಬೀಳುತ್ತದೆ. ಹೆಬ್ಬೆರಳು ಒಂದು ಮಣಿಯನ್ನು ತನ್ನ ಕಡೆ ಎಳೆದಾಗ ಗುಡ್ಡೆಯ ಒಂದು ಬದಿಯಿಂದ ಒಂದು ಮಣಿ ಮೇಲೇಳುತ್ತದೆ, ಇನ್ನೊಂದು ಬದಿಗೆ ಒಂದು ಮಣಿ ಇಳಿಯುತ್ತದೆ. ತಳದಲ್ಲಿ ಚೌಕ ಮೂಲೆಯಿದ್ದರೆ ಮಣಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಒಂದು ಎಳೆ ಬಿಟ್ಟಿದ್ದರೂ ಅದು ಎರಡು ಮಣಿಗಳ ಸಂದಿಗೆ ಹೊಕ್ಕು ಮಾಲೆಯನ್ನು ಹಿಡಿದೆಳೆಯುತ್ತದೆ, ಎಣಿಕೆ ತಪ್ಪುತ್ತದೆ. ಇಸ್ಕಾನ್ ಪಂಥದಲ್ಲಿ ದೀಕ್ಷೆ ಪಡೆದವರು ದಿನಕ್ಕೆ 16 ಸುತ್ತು ಎಣಿಸುತ್ತಾರೆ. ಅಂದರೆ ಒಂದು ದಿನದಲ್ಲಿ ಮಣಿ 1728 ಸಲ ಆ ಗುಡ್ಡೆಯಿಂದ ಮೇಲೇಳಬೇಕು. ಇಷ್ಟು ಸಲ ಒಳಗೋಡೆ ತೀಡಿಸಿಕೊಳ್ಳುವ ಚೀಲಕ್ಕೆ ಒಳಗೇ ಮುಖ್ಯ. ಹಸುವಿನ ಮೂತಿ ದುಂಡಗಿರುವುದು ಚೀಲದ ತಳವೂ ದುಂಡಗಿರಬೇಕಾದ ಕಾರಣಕ್ಕೆ ಒದಗಿಬಂದಿದೆ. ರೂಪವೂ ಕೆಲಸವೂ ಇಷ್ಟು ಹತ್ತಿರ ಬಂದಿರುವ ಬಟ್ಟೆಯ ವಸ್ತು ನಮ್ಮ ಮನೆಗಳಲ್ಲಿ ಅಪರೂಪ.

ಮೂತಿಯನ್ನು ಯಾರಾದರೂ ಹೊಲಿದಾರು. ಗೋಮುಖಿಯ ನಿಜವಾದ ಪರೀಕ್ಷೆ ಗಂಟಲಲ್ಲಿದೆ. ತೆರೆದ ಬಾಯಿಯಿಂದ ಇಳಿದ ಗೆರೆ ಮೂತಿಯ ಕಡೆ ತಿರುಗುವ ಆ ಎರಡು ಅಂಗುಲದ ಒಳಬಾಗನ್ನು ನಾನು ಗಂಟಲು ಎನ್ನುತ್ತಿದ್ದೇನೆ. ಬಟ್ಟೆಯ ಎರಡು ತುಂಡನ್ನು ಸೀದಾ ಮುಖ ಒಂದಕ್ಕೊಂದು ತಾಗುವಂತೆ ಇಟ್ಟು, ಉಲ್ಟಾ ಬದಿಯಿಂದ ಹೊಲಿದು, ಆಮೇಲೆ ಮಗುಚುವುದು ಎಲ್ಲರೂ ಬಲ್ಲ ಕ್ರಮ. ಹೊಲಿಗೆಯ ಗೆರೆಯಿಂದ ಆಚೆ ಬಿಟ್ಟ ಮಾರ್ಜಿನ್ ಮಗುಚಿದಾಗ ಒಳಗೆ ಸೇರುತ್ತದೆ. ನೇರ ಗೆರೆಯಲ್ಲಿ ಇದರಿಂದ ತೊಂದರೆಯಿಲ್ಲ. ಮೂತಿಯಂಥ ಹೊರಬಾಗಿನಲ್ಲಿ ಮಾರ್ಜಿನ್ನಿನ ಅಂಚು ಹೊಲಿಗೆಯ ಗೆರೆಗಿಂತ ಉದ್ದ. ಒಳಗೆ ಹೋದಾಗ ಜಾಗ ಸಾಲದೆ ಮುದ್ದೆಯಾಗುತ್ತದೆ, ಅದಕ್ಕೆ ಅಲ್ಲಲ್ಲಿ ಚಿಕ್ಕ ತ್ರಿಕೋನ ಕತ್ತರಿಸಿ ತೆಗೆಯಬೇಕು. ಗಂಟಲಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಮಾರ್ಜಿನ್ನಿನ ಅಂಚು ಹೊಲಿಗೆಯ ಗೆರೆಗಿಂತ ಗಿಡ್ಡ. ಮಗುಚಿದಾಗ ಅದು ಹೆಚ್ಚು ದೂರ ಹರಡಿಕೊಳ್ಳಬೇಕು, ಹರಡಲು ಬಟ್ಟೆ ಇಲ್ಲ. ಹಾಗೇ ಬಿಟ್ಟರೆ ಎಳೆತ ಬಿದ್ದು ಹೊರಮೈಯಲ್ಲಿ ಸುಕ್ಕು ಏಳುತ್ತದೆ, ಹಸುವಿನ ಗಂಟಲು ಹಿಸುಕಿದಂತೆ ಕಾಣುತ್ತದೆ. ಹೊಲಿಗೆಗೆ ಒಂದೆರಡು ಎಳೆ ಉಳಿಯುವ ತನಕ ಮಾರ್ಜಿನ್ನಿಗೆ ಕತ್ತರಿಯಿಂದ ಕಚ್ಚು ಹಾಕುವುದೊಂದೇ ದಾರಿ. ಕಚ್ಚು ಕಮ್ಮಿಯಾದರೆ ಸುಕ್ಕು ಹೋಗದು. ಒಂದು ಎಳೆ ಹೆಚ್ಚಾದರೆ ಕೈಯ ಭಾರ ಬೀಳುವ ಆ ಜಾಗದಲ್ಲೇ ತೂತು ಬೀಳುತ್ತದೆ.

ಇಲ್ಲಿಯ ತನಕದ್ದು ಹೊಲಿಗೆ ತರಗತಿಯ ಸಾಮಾನ್ಯ ಪಾಠ. ರವಿಕೆಯ ಕತ್ತು ಹೊಲಿಯುವ ಪ್ರತಿಯೊಬ್ಬ ದರ್ಜಿಗೂ ಇದು ಗೊತ್ತು. ಗೋಮುಖಿಯಲ್ಲಿ ಮಾತ್ರ ಇದಕ್ಕೆ ಎದುರಾದ ಇನ್ನೊಂದು ಬೇಡಿಕೆ ಕೂಡಿಕೊಳ್ಳುತ್ತದೆ. ಹೊರಗೆ ಗಂಟಲು ನುಣ್ಣಗೆ ತಿರುಗಬೇಕಾದರೆ ಮಾರ್ಜಿನ್ನನ್ನು ಕತ್ತರಿಸಲೇಬೇಕು. ಒಳಗೆ ಮಣಿ ಸಿಕ್ಕಿಕೊಳ್ಳಬಾರದೆಂದರೆ ಕತ್ತರಿಸಿದ ಅಂಚು ಎಲ್ಲೂ ಇರಲೇಬಾರದು. ಇವೆರಡೂ ಒಂದೇ ಎರಡು ಅಂಗುಲದಲ್ಲಿ, ಬೆರಳಿನ ಗೆಣ್ಣು ದಿನವೂ ಉಜ್ಜುವ ಜಾಗದಲ್ಲಿ, ಎದುರಾಗುತ್ತವೆ. ಗೋಮುಖಿ ಹೊಲಿಯುವವರ ಬುದ್ಧಿ ಇರುವುದು ಈ ಜಗಳವನ್ನು ಹೇಗೆ ಬಗೆಹರಿಸಿದರು ಎಂಬುದರಲ್ಲಿ.

ಮುಖ್ಯವಾಗಿ ಮೂರು ಪರಿಹಾರಗಳಿವೆ. ಮೊದಲನೆಯದು ಫ್ರೆಂಚ್ ಸೀಮ್: ಮೊದಲು ಉಲ್ಟಾ ಮುಖ ಸೇರಿಸಿ ಹೊಲಿದು, ಅಂಚು ಸಣ್ಣಗೆ ಕತ್ತರಿಸಿ, ಮಗುಚಿ, ಇನ್ನೊಂದು ಹೊಲಿಗೆ ಹಾಕಿ ಅಂಚನ್ನು ಒಳಗೇ ಮುಚ್ಚಿಬಿಡುವುದು. ನೇರ ಭಾಗಕ್ಕೆ ಇದಕ್ಕಿಂತ ಶುಚಿಯಾದ ಹೊಲಿಗೆ ಇಲ್ಲ. ಆದರೆ ಗಂಟಲಿನಲ್ಲಿ ಎರಡನೇ ಹೊಲಿಗೆಯ ಮಡಿಕೆಗೆ ಕಚ್ಚು ಹಾಕುವಂತಿಲ್ಲ; ಹಾಕಿದರೆ ಮುಚ್ಚಿದ್ದೇ ತೆರೆದುಕೊಳ್ಳುತ್ತದೆ. ಹಾಗಾಗಿ ಈ ದಾರಿ ಹಿಡಿದವರು ತಿರುವನ್ನೇ ಸಡಿಲಿಸುತ್ತಾರೆ. ಗಂಟಲು ಓರೆಯಾದ ನೇರ ಗೆರೆಯಾಗುತ್ತದೆ, ಹಸು ಮಾಯವಾಗಿ ಒಂದು ಸೊಟ್ಟ ಚೀಲ ಉಳಿಯುತ್ತದೆ, ಮಣಿಕಟ್ಟು ಬಟ್ಟೆಗೆ ಒತ್ತುತ್ತದೆ. ಪ್ರಾಣಿಯ ಆಕಾರ ಕೆಟ್ಟಾಗ ಕೆಲಸವೂ ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ. ಎರಡನೆಯ ಪರಿಹಾರ ಲೈನಿಂಗ್: ಒಂದರೊಳಗೊಂದು ಎರಡು ಚೀಲ ಹೊಲಿದು, ಕತ್ತರಿಸಿದ ಅಂಚುಗಳೆಲ್ಲ ನಡುವೆ ಅಡಗುವಂತೆ ಕೂಡಿಸುವುದು. ಕೈಗೆ ಹಿತವಾಗಿರುತ್ತದೆ, ರೇಷ್ಮೆಯ ಗೋಮುಖಿಗೆ ಇದೇ ಸರಿ. ಆದರೆ ಒಳಚೀಲವನ್ನು ಹೊರಚೀಲಕ್ಕಿಂತ ತುಸು ಚಿಕ್ಕದಾಗಿ ಕತ್ತರಿಸದಿದ್ದರೆ ಅದು ಒಳಗೆ ಮಡಿಕೆಬಿದ್ದು, ತಪ್ಪಿಸಬೇಕಾಗಿದ್ದ ತೊಡಕನ್ನೇ ತಂದಿಡುತ್ತದೆ. ಗಂಟಲಿನ ಮಾರ್ಜಿನ್ನಿಗೆ ನಾಲ್ಕು ಹೊಲಿಗೆ ಹಾಕಿ ಬಂಧಿಸದಿದ್ದರೆ ಕೈ ತೆಗೆದಾಗಲೆಲ್ಲ ಲೈನಿಂಗ್ ಜೊತೆಗೇ ಹೊರಬರುತ್ತದೆ.

ಮೂರನೆಯದೇ ನನ್ನ ದೃಷ್ಟಿಯಲ್ಲಿ ಶ್ರೇಷ್ಠ. ಗಂಟಲಿಗೆ ಕಚ್ಚು ಹಾಕಿ, ಅದೇ ಬಟ್ಟೆಯಲ್ಲಿ ಓರೆಯಾಗಿ ಕತ್ತರಿಸಿದ ಸಣ್ಣ ಕ್ರಾಸ್ ಪಟ್ಟಿಯನ್ನು ಕಚ್ಚುಗಳ ಮೇಲೆ ಹಾಯಿಸಿ, ಕೈಯಲ್ಲಿ ಹೆಮ್ಮಿಂಗ್ ಮಾಡುವುದು. ಉದ್ದ ಎಳೆಗೂ ಅಡ್ಡ ಎಳೆಗೂ ನಡುವೆ 45 ಡಿಗ್ರಿಯಲ್ಲಿ ಕತ್ತರಿಸಿದ ಬಟ್ಟೆ ಎಳೆದಷ್ಟು ಹಿಗ್ಗುತ್ತದೆ, ಆದ್ದರಿಂದ ಬಿಚ್ಚಿಕೊಂಡ ಕಚ್ಚುಗಳ ಜೊತೆ ಅದೂ ಹರಡಿಕೊಳ್ಳುತ್ತದೆ. ಕೈ ಅನಿವಾರ್ಯವಾಗುವುದು ಇಲ್ಲಿ. ಯಂತ್ರದ ಪಾದ ಬಟ್ಟೆಯನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುತ್ತದೆ. ಕಚ್ಚು ಮುಚ್ಚಿಕೊಂಡ ಸ್ಥಿತಿಯಲ್ಲೇ ಪಟ್ಟಿ ಕೂತುಬಿಡುತ್ತದೆ, ಮಗುಚಿದಾಗ ಅಂಚು ಹರಡಲಾರದೆ ಮತ್ತೆ ಸುಕ್ಕು ಬೀಳುತ್ತದೆ. ಕೈಯಲ್ಲಿ ಹೊಲಿಯುವವರು ಗಂಟಲನ್ನು ಎಡಗೈ ತೋರುಬೆರಳಿನ ಮೇಲೆ ಬಾಗಿಸಿ ಕಚ್ಚುಗಳು ಬಾಯಿಬಿಟ್ಟ ಸ್ಥಿತಿಯಲ್ಲೇ ಹೊಲಿಯಬಲ್ಲರು. ಸೂಜಿ ಮಾರ್ಜಿನ್ನನ್ನಷ್ಟೇ ಚುಚ್ಚುತ್ತದೆ, ಹೊರಬಟ್ಟೆಗೆ ತಾಗುವುದಿಲ್ಲ. ಕಚ್ಚಿನ ತುದಿ ಬಂದಲ್ಲಿ ಹೊಲಿಗೆಯ ಅಂತರ ಅರ್ಧಕ್ಕಿಳಿಯುತ್ತದೆ. ಮೊದಲ ಗೆರೆಯನ್ನು ಬ್ಯಾಕ್ ಸ್ಟಿಚ್‌ನಲ್ಲಿ, ಅಂದರೆ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬಂದು ಹೊಲಿದಿದ್ದರೆ ಒಂದು ಕಡೆ ದಾರ ಸವೆದರೂ ಅಕ್ಕಪಕ್ಕದ ಹೊಲಿಗೆ ಬೇಗ ಬಿಚ್ಚಿಕೊಳ್ಳುವುದಿಲ್ಲ. ಇಡೀ ಗೋಮುಖಿಯನ್ನು ಕೈಯಲ್ಲೇ ಹೊಲಿಯಬೇಕೆಂಬ ಹಟ ನನಗಿಲ್ಲ. ಉದ್ದನೆಯ ಬದಿಗಳನ್ನು, ಮೂತಿಯನ್ನು ಯಂತ್ರದಲ್ಲಿ ಹೊಲಿದರೆ ಏನೂ ಕೆಡುವುದಿಲ್ಲ. ಕೈ ಬೇಕಾದ ಜಾಗ ಎರಡೇ ಅಂಗುಲ, ಅಲ್ಲಿ ಕೈಗೆ ಬದಲಿಯಿಲ್ಲ. ಕೈಹೊಲಿಗೆಯ ಮಹತ್ವವನ್ನು ಇಷ್ಟು ಖಚಿತವಾಗಿ ತೋರಿಸಿಕೊಡುವ ವಸ್ತು ಇರುವಾಗ ನಾವು ಇನ್ನೆಲ್ಲೋ ಅದನ್ನು ಹುಡುಕುತ್ತಿದ್ದೇವೆ.

ಈಗ ಬೆಕ್ಕಿನ ಮುಖದ ಚೀಲವನ್ನು ಇದೇ ಅಳತೆಗೆ ಹಿಡಿದು ನೋಡಬೇಕು. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಸಿಕ್ಕಿಸಿ ಮಾಡಿದ ಹಾಳೆ. ಕತ್ತರಿಸಿದರೆ ಎಳೆ ಬಿಡುವುದಿಲ್ಲ. ಆದ್ದರಿಂದ ಮಾರ್ಜಿನ್ ಬೇಡ, ಮಗುಚುವುದು ಬೇಡ, ಕಚ್ಚು ಬೇಡ, ಅಂಚು ಮುಚ್ಚುವುದೂ ಬೇಡ. ಹೊಲಿಗೆ ಎಂಬ ವಿದ್ಯೆ ಯಾವ ಯಾವ ಸಮಸ್ಯೆಗಳಿಂದ ಹುಟ್ಟಿತೋ ಅವೆಲ್ಲವನ್ನೂ ವಸ್ತುವಿನ ಆಯ್ಕೆಯಲ್ಲೇ ತೆಗೆದುಹಾಕಿ ಆಗಿದೆ. ಉಳಿದದ್ದು ಎರಡು ಹಾಳೆಯ ಅಂಚಿನ ಸುತ್ತ ಒಂದೇ ಹೊಲಿಗೆ, ಅದೂ ಹೊರಗೆ, ಬಣ್ಣದ ದಾರದಲ್ಲಿ, ಕಾಣಲೆಂದೇ. ಎರಡು ಚಪ್ಪಟೆ ತುಂಡು ಸೇರಿ ಚಪ್ಪಟೆಯಾದದ್ದೇ ಆಗುತ್ತದೆ; ಒಳಗೆ ಚಿಲ್ಲರೆ ತುಂಬಿದಾಗ ಬೆಕ್ಕಿನ ಕೆನ್ನೆ ಉಬ್ಬದೆ ಅಂಚಿನ ಹೊಲಿಗೆಯೇ ಜಗ್ಗುತ್ತದೆ, ನೇಯ್ಗೆಯ ಆಧಾರವಿಲ್ಲದ ತೆಳು ಫೆಲ್ಟ್ ಸೂಜಿ ತೂತುಗಳಿಂದ ಹರಿಯತೊಡಗುತ್ತದೆ. ಜಿಪ್ಪು ತಲೆಯ ಮೇಲೆ ಅಡ್ಡಲಾಗಿ ಹಾಯುವುದರಿಂದ ಕಿವಿಗಳು ಅದರಾಚೆ ನಿಂತು ರನ್ನರ್ ಎಳೆಯುವ ಬೆರಳಿಗೆ ಅಡ್ಡವಾಗುತ್ತವೆ. ಇಂಥ ಚೀಲಕ್ಕೆ ಒಂದು ಸರಳ ಪರೀಕ್ಷೆಯಿದೆ: ಗುಂಡಿಯ ಕಣ್ಣುಗಳನ್ನು ಕಿತ್ತು, ಅಂಟಿಸಿದ ಕಿವಿಗಳನ್ನು ತೆಗೆದು ನೋಡುವುದು. ಆಗ ಉಳಿಯುವುದು ಒಂದು ದುಂಡು ಪರ್ಸು. ಅದು ಬೆಕ್ಕಿನದೋ ಗೂಬೆಯದೋ ಹೇಳಲಾಗದು, ಚೀಲದ ಕೆಲಸದಲ್ಲಿ ಏನೂ ಕಮ್ಮಿಯಾಗುವುದೂ ಇಲ್ಲ. ಗೋಮುಖಿಯಲ್ಲಿ ಹಸುವನ್ನು ತೆಗೆಯಹೊರಟರೆ ಚೀಲವನ್ನೇ ತೆಗೆಯಬೇಕಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದೇ. ಕೆಲಸಕ್ಕೆ ಬರುವ ರೂಪವನ್ನಷ್ಟೇ ಒಪ್ಪುವುದಾದರೆ ಸಂತೋಷಕ್ಕಾಗಿ ಮಾಡಿದ ಪ್ರಾಣಿಚೀಲಗಳನ್ನೆಲ್ಲ ತಳ್ಳಿಹಾಕಬೇಕೆ? ಬೇಡ. ಜಪಾನಿನಲ್ಲಿ ಎದೊ ಕಾಲದಿಂದ ಬಂದ ಚಿರಿಮೆನ್ ಕೆಲಸವಿದೆ. ಕಿಮೋನೊ ಹೊಲಿದು ಉಳಿದ ರೇಷ್ಮೆ ಕ್ರೇಪಿನ ತುಂಡುಗಳಲ್ಲಿ ಮೊಲ, ಹಕ್ಕಿಗಳ ರೂಪದ ಪುಟ್ಟ ಚೀಲಗಳನ್ನು ಹೆಂಗಸರು ಹೊಲಿಯುತ್ತಿದ್ದರು. ಅವಕ್ಕೆ ಕಣ್ಣೂ ಇದೆ, ಕಿವಿಯೂ ಇದೆ. ಆದರೆ ಮೊಲದ ಬೆನ್ನಿನ ಉಬ್ಬು ಬಂದಿರುವುದು ಕ್ರೇಪಿನ ಹಿಗ್ಗುವ ಗುಣವನ್ನು ಅರಿತು ಎಳೆದು ಹೊಲಿದದ್ದರಿಂದ. ಬಟ್ಟೆಯ ಸ್ವಭಾವವೇ ಪ್ರಾಣಿಯ ಮೈಯಾಗಿದೆ. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ರೇಷ್ಮೆ ಮತ್ತು ಲೋಹದ ದಾರದಿಂದ ಮಾಡಿದ ಕಪ್ಪೆಯಾಕಾರದ ಪುಟ್ಟ ಚೀಲ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಅದು ಶ್ರೀಮಂತರ ವಿಲಾಸದ ವಸ್ತುವಾದರೂ ಸೂಜಿಯ ಕೆಲಸವೇ ಅಲ್ಲಿ ಕಪ್ಪೆಯನ್ನು ಕಟ್ಟಿದೆ. 1880ರಲ್ಲಿ ಜರ್ಮನಿಯ ಮಾರ್ಗರೆಟೆ ಸ್ಟೈಫ್ ಹೊಲಿದ ಫೆಲ್ಟ್ ಆನೆ ಸೂಜಿ ಚುಚ್ಚಿಡುವ ದಿಂಬಾಗಿತ್ತು. ಮಕ್ಕಳು ಅದನ್ನು ಆಟಿಕೆ ಮಾಡಿಕೊಂಡರು, ಅದರಿಂದ ಒಂದು ಉದ್ಯಮವೇ ಬೆಳೆಯಿತು. ಫೆಲ್ಟಿನಲ್ಲೇ ಮಾಡಿದ್ದರೂ ಆ ಆನೆ ಒಳಗೆ ತುಂಬಿಸಿಕೊಂಡು ನಾಲ್ಕು ಕಾಲಿನ ಮೇಲೆ ನಿಲ್ಲಬೇಕಿತ್ತು. ಹೊಟ್ಟೆಯ ಸುತ್ತಳತೆ, ಕಾಲಿನ ದಪ್ಪ ಎಲ್ಲವನ್ನೂ ಕತ್ತರಿಸುವಾಗಲೇ ಲೆಕ್ಕ ಹಾಕಬೇಕಿತ್ತು. ಫೆಲ್ಟಿನ ಮೇಲಾಗಲಿ ಸಂತೋಷದ ಮೇಲಾಗಲಿ ನನಗೆ ದೂರಿಲ್ಲ. ಮುಖವನ್ನು ಅಂಟಿಸಿ ಮೈಯನ್ನು ಮರೆಯುವುದರ ಮೇಲೆ ದೂರಿದೆ. ಹತ್ತಿರದ ಉದಾಹರಣೆ ಬೇಕೆಂದರೆ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಬಹುದು. ಅದರ ನಾಲ್ಕು ಮೂಲೆಗೆ ಅವರು ಬಟ್ಟೆ ಮಡಿಸಿ ಫುಲಾ ಎಂಬ ಅಲಂಕಾರ ಇಡುತ್ತಾರೆ. ಅದಿಲ್ಲದ ಕೌದಿ ಅವರಿಗೆ ಪೂರ್ತಿಯಾದದ್ದಲ್ಲ. ಹೊದೆಯುವವರ ಮೈ ಬೆಚ್ಚಗಾಗಲು ಫುಲಾ ಬೇಕಿಲ್ಲ. ಆದರೂ ಅದು ಕೌದಿಯ ತುಂಡುಗಳಂಥದೇ ತುಂಡಿನಿಂದ, ಅದೇ ಸೂಜಿಯಿಂದ ಹುಟ್ಟಿದ್ದು. ಅಲಂಕಾರವೂ ಹೀಗೆ ಒಳಗಿನಿಂದ ಬರಬಲ್ಲದು.

ಎರಡನೆಯ ಜಗಳ ನಮ್ಮ ವಿನ್ಯಾಸ ವಿಮರ್ಶಕರ ಜೊತೆ. ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಲೋಟೆಯನ್ನು, ಅಂದರೆ ನಮ್ಮ ಚೊಂಬಿನಂಥ ಪಾತ್ರೆಯನ್ನು, ಎತ್ತಿಹಿಡಿದರು. ಅದರ ಹಿಡಿತ, ತೂಕ, ಸುರಿಯುವ ಬಗೆ ಎಲ್ಲವನ್ನೂ ಲೆಕ್ಕಕ್ಕೆ ತಂದು, ಅದನ್ನು ಯಾರೋ ಒಬ್ಬರು ರೂಪಿಸಲಿಲ್ಲ, ತಲೆಮಾರುಗಳು ರೂಪಿಸಿದವು ಎಂದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆ ವರದಿಯ ಫಲ. ಅಂದಿನಿಂದ ಹಳೆಯ ವಸ್ತು ಯಾವುದು ಕಂಡರೂ ಇದೇ ಮಾತನ್ನು ಅನ್ವಯಿಸುವುದು ವಾಡಿಕೆಯಾಗಿದೆ: ಕಾಲವೇ ಇದನ್ನು ತಿದ್ದಿದೆ, ಆದ್ದರಿಂದ ಇದು ಪರಿಪೂರ್ಣ. ಗೋಮುಖಿಯನ್ನು ಈ ಬಗೆಯಲ್ಲಿ ಹೊಗಳುವುದು ಸುಲಭ, ಆದರೆ ಅದು ತಪ್ಪು ಹೊಗಳಿಕೆ. ಕಾಲ ಕೊಟ್ಟಿರುವುದು ಹೊರಗೆರೆಯನ್ನು ಮಾತ್ರ. ಗಂಟಲಿನ ತಿರುವು ಎಷ್ಟಿರಬೇಕು, ಬಟ್ಟೆಯ ಓರೆ ಯಾವ ಕಡೆ ಬೀಳಬೇಕು, ಕಚ್ಚು ಎಷ್ಟು ಆಳ, ಅಂಚು ಮುಚ್ಚುವುದು ಹೇಗೆ ಎಂಬುದನ್ನು ಪ್ರತಿಸಲವೂ ಒಬ್ಬರು ಕೂತು ನಿರ್ಧರಿಸುತ್ತಾರೆ, ಮುಂದಿರುವ ಬಟ್ಟೆಯನ್ನೂ ಹಾಕಿಕೊಳ್ಳುವವರ ಕೈಯನ್ನೂ ನೋಡಿ. ಅರಿಶಿನ ಕುಂಕುಮಕ್ಕೆ ಬಂದ ರವಿಕೆ ಕಣದಲ್ಲಿ ಹೊಲಿಯುವಾಗ ಒಂದು ನಿರ್ಧಾರ, ಹಳೆಯ ರೇಷ್ಮೆ ಮಡಿಯಲ್ಲಿ ಹೊಲಿಯುವಾಗ ಇನ್ನೊಂದು. ಹೆಸರಿಲ್ಲದವರು ಎಂದ ಮಾತ್ರಕ್ಕೆ ನಿರ್ಧಾರವಿಲ್ಲದವರು ಎಂದಾಗಬಾರದು. ತಲೆಮಾರುಗಳಿಗೆ ಎಲ್ಲ ಗೌರವವನ್ನೂ ಸಲ್ಲಿಸುವ ವಿಮರ್ಶೆ ಹೊಲಿದವಳಿಗೆ ಏನನ್ನೂ ಉಳಿಸುವುದಿಲ್ಲ. ಅಷ್ಟೇ ಅಲ್ಲ, ಕೆಟ್ಟ ಗೋಮುಖಿಯನ್ನು ಕೆಟ್ಟದ್ದೆಂದು ಹೇಳುವ ಶಕ್ತಿಯನ್ನೂ ಅದು ಕಳೆದುಕೊಳ್ಳುತ್ತದೆ.

ಮೂರನೆಯ ಜಗಳ ಇದಕ್ಕಿಂತ ಹತ್ತಿರದ್ದು, ಹೆಚ್ಚು ಕಷ್ಟದ್ದು. ಕನ್ನಡದಲ್ಲಿ ಕೈಕೆಲಸದ ಪರ ಗಟ್ಟಿಯಾದ ತಾತ್ವಿಕ ಮಾತನ್ನು ಆಡಿದವರು ಪ್ರಸನ್ನ. ‘ಯಂತ್ರಗಳನ್ನು ಕಳಚೋಣ ಬನ್ನಿ’ ಎಂಬ ಅವರ ಪುಸ್ತಕ, ಸಾಗರದ ಬಳಿ ಭೀಮನಕೋಣೆಯ ಚರಕ ಕೈಮಗ್ಗ ಸಂಸ್ಥೆ, 2017ರಲ್ಲಿ ಕೈ ಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು ಮಾಡಿದ ಸತ್ಯಾಗ್ರಹ, ಇವು ಈ ನಾಡಿನ ವಿಚಾರಲೋಕಕ್ಕೆ ಬಹಳ ದೊಡ್ಡ ಕೊಡುಗೆ. ಆ ವಾದದ ಕೇಂದ್ರದಲ್ಲಿರುವುದು ದುಡಿಯುವವರ ಬದುಕು, ಅದು ಅಲ್ಲೇ ಇರಬೇಕು. ತೊಂದರೆ ಬಂದಿರುವುದು ಆ ವಾದವನ್ನು ನಗರಕ್ಕೆ ತಂದು ಹವ್ಯಾಸದ ಮೇಲೆ ಹೊದಿಸಿದವರಿಂದ. ಚರಕದ ನೇಕಾರ್ತಿಗೆ ಸಲ್ಲಬೇಕಾದ ನೈತಿಕ ಮನ್ನಣೆಯನ್ನು ಅವರು ಕಿಟ್ಟಿನ ಬೆಕ್ಕಿಗೆ ಕೊಟ್ಟುಬಿಟ್ಟಿದ್ದಾರೆ. ಕೈಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ವಸ್ತು ಒಳ್ಳೆಯದಾಗಿಬಿಡುತ್ತದೆ ಎಂಬ ನಂಬಿಕೆ ಹೀಗೆ ಬೆಳೆದಿದೆ. ಕೈ ಏನು ಮಾಡಿತು ಎಂದು ಕೇಳುವವರಿಲ್ಲ. ಕಾರ್ಖಾನೆ ಕತ್ತರಿಸಿಕೊಟ್ಟ ಕೃತಕ ನಾರಿನ ಹಾಳೆಯನ್ನು ಕೊಟ್ಟ ತೂತಿನಲ್ಲಿ ಕೊಟ್ಟ ದಾರದಿಂದ ಹೊಲಿಯುವ ಕೈ ಅಲ್ಲಿ ಯಂತ್ರದ ಕೆಲಸವನ್ನೇ ನಿಧಾನವಾಗಿ ಮಾಡುತ್ತಿರುತ್ತದೆ. ಯಂತ್ರಕ್ಕೆ ಆಗದ್ದನ್ನು ಮಾಡಿದಾಗ ಕೈಗೆ ಬೆಲೆ ಬರುತ್ತದೆ, ಆ ಬೆಲೆಯ ಮೇಲೆ ಕೂಲಿಯನ್ನೂ ಕೇಳಬಹುದು. ಕೈಕೆಲಸದ ರಾಜಕಾರಣಕ್ಕೂ ಕೈಕೆಲಸದ ವಿಮರ್ಶೆ ಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಕಸೂತಿಯನ್ನು ನಾವು ಮೆಚ್ಚುವುದು ಅದು ಕೈಯದು ಎಂದಷ್ಟೇ ಅಲ್ಲ. ಗಂಟು ಹಾಕದೆ, ಎಳೆ ಎಣಿಸಿ, ಗವಂತಿ ಹೊಲಿಗೆಯಲ್ಲಿ ಉಲ್ಟಾ ಸೀದಾ ಎರಡೂ ಒಂದೇ ಆಗುವಂತೆ ಆನೆಯನ್ನೂ ಗಿಣಿಯನ್ನೂ ತುಂಬುವ ಶಿಸ್ತಿಗಾಗಿ. ಅಷ್ಟು ನಿಖರವಾದ ಕಾರಣ ಕೊಟ್ಟು ಹೊಗಳಲಾಗದ ಯಾವ ಕೈಕೆಲಸವನ್ನೂ ಹೊಗಳುವ ಅವಸರ ಬೇಡ.

ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಗೋಮುಖಿ ಬಹುಕಾಲ ಕೆಲವೇ ಜಾತಿಗಳ ಮಡಿಯ ವಸ್ತುವಾಗಿತ್ತು. ಜಪ ಹೆಚ್ಚಾಗಿ ಗಂಡಸರದು, ಮನೆಯೊಳಗಿನ ಸೂಜಿ ಹೆಚ್ಚಾಗಿ ಹೆಂಗಸರದು. ಅಂಥ ವಸ್ತುವನ್ನು ಎತ್ತಿಹಿಡಿಯುವುದು ಆ ಏರ್ಪಾಡನ್ನೇ ಎತ್ತಿಹಿಡಿದಂತಾಗುವುದಿಲ್ಲವೆ ಎಂದು ಕೇಳಬಹುದು. ಏರ್ಪಾಡನ್ನು ಟೀಕಿಸಲೇಬೇಕು. ಆದರೆ ಟೀಕೆಯ ಭರದಲ್ಲಿ ಹೊಲಿದವಳ ಕೆಲಸವನ್ನೂ ನೋಡದೆ ಬಿಟ್ಟರೆ ಅವಳಿಗೆ ಎರಡನೇ ಸಲ ಅನ್ಯಾಯವಾಗುತ್ತದೆ. ನಮ್ಮ ಸಾಹಿತ್ಯದಲ್ಲೇ ಇದರ ಸುಳಿವಿದೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳೆಂದು ಪ್ರತೀತಿಯಿರುವ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಅವಳ ಹೆಸರಿನ ಮುಂದೆ ಆ ಸಂಚಿ ಇಂದಿಗೂ ಉಳಿದಿದೆ. ಕಾವ್ಯದ ಮೇಲೆ ಚರ್ಚೆಗೆ ಕೊರತೆಯಿಲ್ಲ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಮಡಿಕೆ ಮಡಿಕೆಯಾಗಿ ಹೊಲಿಯುತ್ತಿದ್ದ, ಎಲ್ಲ ಜಾತಿಯ ಮುದುಕಿಯರ ಸೊಂಟದಲ್ಲೂ ಇದ್ದ ಆ ಸಂಚಿಯ ರಚನೆಯ ಬಗ್ಗೆ ಗಂಭೀರ ಚರ್ಚೆ ಹುಡುಕಿದರೂ ಸಿಗುವುದು ಕಷ್ಟ. ಪಠ್ಯವನ್ನು ಓದಬಲ್ಲ ವಿಮರ್ಶೆಗೆ ಹೊಲಿಗೆಯನ್ನು ಓದುವ ಕಣ್ಣೂ ಬರಬೇಕು. ಗೋಮುಖಿಯ ಮಟ್ಟಿಗೆ ಇವತ್ತಿನ ಸ್ಥಿತಿ ಬದಲಾಗಿದೆ ಕೂಡ. 1966ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಇಸ್ಕಾನ್ ಈ ಚೀಲವನ್ನು ಜಾತಿ, ಲಿಂಗ, ದೇಶಗಳ ಗಡಿ ದಾಟಿಸಿತು. ಕನಕಪುರ ರಸ್ತೆಯಾಚೆ ವಸಂತಪುರದಲ್ಲಿರುವ ಇಸ್ಕಾನ್ ದೇವಸ್ಥಾನ ವೈಕುಂಠ ಗಿರಿಗೆ ಬರುವವರ ಕೊರಳಲ್ಲಿ ತೂಗುವ ಜಪದ ಚೀಲಗಳು ಹೆಂಗಸರವೂ ಹೌದು, ಎಲ್ಲ ಕಡೆಯವರವೂ ಹೌದು.

ಗೋಮುಖಿಯ ಇಂದಿನ ದೋಷಗಳನ್ನೂ ಹೇಳಬೇಕು. ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಸಿಗುವುದು ಕಂಪ್ಯೂಟರ್ ಕಸೂತಿಯ ಗೋಮುಖಿ. ಹೊರಗೆ ಕೃಷ್ಣ, ನವಿಲುಗರಿ, ಹಸು ಕರು. ಹಸುವಿನ ಆಕಾರದ ಚೀಲದ ಮೇಲೆ ಹಸುವಿನ ಚಿತ್ರ ಹಾಕುವುದೆಂದರೆ ಆಕಾರದ ಮೇಲೆ ನಂಬಿಕೆ ಕಳೆದುಕೊಂಡಂತೆ. ಅದಕ್ಕಿಂತ ಕೆಟ್ಟದ್ದು ಆ ಕಸೂತಿಯ ಉಲ್ಟಾ ಬದಿ. ಅಲ್ಲಿ ದಾರದ ಗಂಟು, ಒರಟು ಜಾಲ, ಕಿತ್ತು ಉಳಿದ ಪೇಪರು. ಅದನ್ನು ಮುಚ್ಚಲು ಲೈನಿಂಗ್ ಹಾಕುತ್ತಾರೆ, ಗಂಟಲು ದಪ್ಪವಾಗುತ್ತದೆ, ದಪ್ಪವಾದ ಗಂಟಲು ತಿರುಗದ ಕಾರಣ ತಿರುವನ್ನೇ ಸಡಿಲಿಸುತ್ತಾರೆ. ಹೀಗೆ ಹೊರಗಿನ ಅಲಂಕಾರ ಒಂದೊಂದೇ ಹೆಜ್ಜೆಯಲ್ಲಿ ಒಳಗಿನ ರೂಪವನ್ನು ತಿಂದುಹಾಕುತ್ತದೆ. ಇಸ್ಕಾನ್ ಮಾದರಿಯಲ್ಲಿ ಬೆರಳಿನ ಕಿಂಡಿಯ ಅಂಚನ್ನು ಗಟ್ಟಿ ಮಾಡಿರುವುದು, ಕೊರಳಿಗೆ ಪಟ್ಟಿ ಕೊಟ್ಟು ಮಣಿಕಟ್ಟಿನ ಭಾರ ಇಳಿಸಿರುವುದು ನಿಜವಾದ ಸುಧಾರಣೆಗಳು, ಅವನ್ನು ಒಪ್ಪುತ್ತೇನೆ. ಆದರೆ ಪಟ್ಟಿ ಬಂದ ಮೇಲೆ ಚೀಲ ಅಗಲವಾಗುತ್ತಾ ಹೋಗಿ, ಎಷ್ಟೋ ಕಡೆ ಮೂತಿ ಬರೀ ನೆಪಕ್ಕೆ ಉಳಿದಿದೆ. ಗೋಮುಖಿಯ ಪರ ವಾದಿಸುವವರು ಇದನ್ನು ಮುಚ್ಚಿಟ್ಟರೆ, ಬೆಕ್ಕಿನ ಚೀಲವನ್ನು ಕಣ್ಣುಮುಚ್ಚಿ ಹೊಗಳುವವರಿಗಿಂತ ಯಾವ ರೀತಿಯಲ್ಲೂ ಮೇಲಲ್ಲ.

ಕಾರ್ಯಾಗಾರ ನಡೆಸುವವರಿಗೆ ನನ್ನ ಮಾತು ಇಷ್ಟು. ಮಕ್ಕಳಿಗೆ ಪ್ರಾಣಿಯ ಚೀಲವನ್ನೇ ಹೊಲಿಯಲು ಕೊಡಿ, ಅದು ಹಸುವೇ ಆಗಬೇಕೆಂದಿಲ್ಲ, ಜಪಕ್ಕೇ ಆಗಬೇಕೆಂದೂ ಇಲ್ಲ. ಆದರೆ ಬಟ್ಟೆ ನೇಯ್ದದ್ದಾಗಿರಲಿ, ಎಳೆ ಬಿಡುವಂಥದ್ದಾಗಿರಲಿ, ಆಕಾರದಲ್ಲಿ ಒಂದಾದರೂ ಒಳಬಾಗು ಇರಲಿ. ಮಗುಚಿದಾಗ ಸುಕ್ಕು ಯಾಕೆ ಬಂತೆಂದು ಅವರೇ ಬಿಚ್ಚಿ ನೋಡಲಿ. ಒಂದು ಗಂಟಲನ್ನು ಸರಿಯಾಗಿ ತಿರುಗಿಸಲು ಕಲಿತವರಿಗೆ ರವಿಕೆಯ ಕತ್ತು, ಜುಬ್ಬದ ಬಗಲು, ಮಗುವಿನ ಕುಲಾವಿ ಎಲ್ಲದರ ದಾರಿ ತೆರೆಯುತ್ತದೆ. ಹತ್ತು ಬೆಕ್ಕಿನ ಮುಖ ಹೊಲಿದವರು ಹನ್ನೊಂದನೆಯ ಬೆಕ್ಕಿನ ಮುಖವನ್ನಷ್ಟೇ ಹೊಲಿಯಬಲ್ಲರು. ವಿಮರ್ಶಕರಿಗೂ ಇದೇ ಮಾತು: ಕೈಯಲ್ಲಿ ಹೊಲಿದ ಚೀಲ ಎದುರಿಗೆ ಬಂದಾಗ ಮುಖ ನೋಡಿ ಮೆಚ್ಚುವ ಮೊದಲು ಅದನ್ನು ಮಗುಚಿ ಒಳಬದಿ ನೋಡಬೇಕು. ಕೈ ಅಲ್ಲಿ ಬೇಕಿತ್ತೋ ಇಲ್ಲವೋ ಎಂಬುದಕ್ಕೆ ಉತ್ತರ ಅಲ್ಲೇ ಇರುತ್ತದೆ, ಬೆಲೆ ಕಟ್ಟಬೇಕಾದದ್ದೂ ಅದಕ್ಕೇ.